ಉಣ್ಣುವುದು, ತಿನ್ನುವುದು: ಕನ್ನಡ ಸಾಹಿತ್ಯದಲ್ಲಿ ಮನೆಯ ಅಡಿಗೆಯೂ ಹೋಟೆಲಿನ ತಿಂಡಿಯೂ

ಊಟತಿಂಡಿಯ ವಿಚಾರ ಸಾಹಿತ್ಯವಿಮರ್ಶೆಗೆ ವಸ್ತುವಾಗಬಲ್ಲುದೇ ಎಂದು, ಈ ಸಂಚಿಕೆಗೆ ನಾನು ಬರೆಯಲಿರುವುದೇನೆಂದು ಕೇಳಿದ ಮಿತ್ರರೊಬ್ಬರು ನಕ್ಕರು. ಆಗಲಾರದೆಂದು ನಾನೂ ಬಹುಕಾಲ ನಂಬಿದವನೇ. ಛಂದಸ್ಸು, ಶಾಸನ, ಸ್ಥಳನಾಮ ಇವು ನಮ್ಮಂಥ ಅಧ್ಯಾಪಕರಿಗೆ ಗೌರವದ ವಿಷಯಗಳು. ಗಂಜಿಚಟ್ನಿಗಳು ಮನೆಯೊಳಗಿನ ಮಾತು. ಈ ನಂಬಿಕೆ ಸಡಿಲಿದುದು ಒಬ್ಬ ವಿದ್ಯಾರ್ಥಿನಿಯ ಪ್ರಬಂಧದ ಪುಸ್ತಕದಿಂದ. ಅದನ್ನು ಮೊದಲು ಹೇಳಿ ಮುಂದುವರಿಯುತ್ತೇನೆ.

ಕಾಸರಗೋಡಿನ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಒಮ್ಮೆ ಎಂಟನೆಯ ತರಗತಿಯ ಮಕ್ಕಳಿಗೆ 'ನನ್ನ ಮೆಚ್ಚಿನ ಊಟ' ಎಂಬ ವಿಷಯ ಕೊಟ್ಟೆ. ಬಹುಮಂದಿ ಮಸಾಲೆದೋಸೆಯನ್ನು ಬರೆದರು. ಕೆಲವರು ಪಾಯಸ ಹೋಳಿಗೆಗಳನ್ನು ಬರೆದರು. ಅಂದು ಬೆಳಿಗ್ಗೆ ಉಂಡುಬಂದ ಕುಚ್ಚಲಕ್ಕಿಯ ಗಂಜಿಯನ್ನು, ಒಬ್ಬಳ ಹೊರತು, ಯಾರೂ ಹೆಸರಿಸಲಿಲ್ಲ. ಆ ಒಬ್ಬಳು, ಅಜ್ಜಿ ಸೌತೆಕಾಯಿಯ ಕೊದ್ದೆಲಿಗೆ ಬೆಳ್ಳುಳ್ಳಿಯ ಒಗ್ಗರಣೆ ಕೊಡುವ ಸದ್ದು ಕೇಳಿದೊಡನೆ ತಾನು ಬಟ್ಟಲು ತೊಳೆದುಕೊಂಡು ಕೂರುವೆನೆಂದು ಬರೆದಿದ್ದಳು. ನಾನು ಕೆಂಪು ಶಾಯಿಯಿಂದ ಕೊದ್ದೆಲು ಎಂಬಲ್ಲಿ ಅಡ್ಡಗೆರೆ ಎಳೆದು, ಮೇಲೆ 'ಸಾಂಬಾರು' ಎಂದು ತಿದ್ದಿ, ಅಂಚಿನಲ್ಲಿ 'ಗ್ರಾಮ್ಯ' ಎಂದು ಷರಾ ಹಾಕಿದೆ. ಮರುದಿನ ಹುಡುಗಿ ಪುಸ್ತಕ ಹಿಡಿದು ಬಂದು, "ಸಾಂಬಾರಿಗೆ ಬೇಳೆ ಹಾಕುತ್ತಾರಲ್ಲ ಸಾರ್, ಅಜ್ಜಿ ಹಾಕಿದ್ದು ತೆಂಗಿನಕಾಯಿ" ಎಂದಳು. ಉತ್ತರ ನನ್ನಲ್ಲಿರಲಿಲ್ಲ. ಕೊದ್ದೆಲಿನ ಜೀವವೆಲ್ಲ ಅರೆದ ತೆಂಗಿನಕಾಯಿಯಲ್ಲಿದೆ ಎಂಬುದು ಅದನ್ನೇ ಉಂಡು ಬೆಳೆದ ನನಗೆ ತಿಳಿಯದ್ದೇನಲ್ಲ. ಆದರೂ ತಿದ್ದಿದೆ. ಆ ಕೆಂಪು ಶಾಯಿ ನನ್ನ ಕೈಗೆ ಎಲ್ಲಿಂದ ಬಂತು ಎಂದು ಹುಡುಕಹೊರಟುದರ ಫಲ ಈ ಬರಹ.

ಕನ್ನಡದಲ್ಲಿ ಉಣ್ಣು, ತಿನ್ನು ಎಂದು ಎರಡು ಧಾತುಗಳಿವೆಯಷ್ಟೆ. ಅನ್ನವನ್ನು ಉಣ್ಣುತ್ತೇವೆ, ದೋಸೆಯನ್ನು ತಿನ್ನುತ್ತೇವೆ. ಕಲಸಿ, ಬೆರಸಿ, ಹೊಟ್ಟೆ ತುಂಬುವವರೆಗೆ ಕುಳಿತು ಮಾಡುವುದು ಊಟ; ಬಾಯಿಯ ಚಪಲಕ್ಕೋ ಹೊತ್ತು ಕಳೆಯುವುದಕ್ಕೋ ಆಗುವುದು ತಿಂಡಿ. ಯಾವುದು ಊಟ ಯಾವುದು ತಿಂಡಿ ಎಂಬುದು ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ಜೋಳದ ರೊಟ್ಟಿಯೆಂದರೆ ಊಟವೇ. ನಮ್ಮ ಕರಾವಳಿಯಲ್ಲಿ ರೊಟ್ಟಿ ಬೆಳಗಿನ ತಿಂಡಿ. ಆದರೆ ಭೇದವಂತೂ ಎಲ್ಲೆಡೆಯೂ ಇದೆ. ನೆರೆಯ ಮಲೆಯಾಳದಲ್ಲಿಯೂ ಈ ಜೋಡಿ ಧಾತುಗಳುಂಟು. ಮರಾಠಿಯವರು ಜೇವಣೆ, ಖಾಣೆ ಎಂದು ಬೇರೆ ಮಾಡುತ್ತಾರೆ. ತೆಲುಗಿನ ಆಡುನುಡಿಯಲ್ಲಿ ಮಾತ್ರ ಅನ್ನಕ್ಕೂ ತಿಂಡಿಗೂ ಒಂದೇ ಧಾತು ಸಲ್ಲುತ್ತದೆ. ಆದವಾನಿ ರಾಯದುರ್ಗಗಳ ಅಧ್ಯಾಪಕರು ತಮ್ಮ ಮಕ್ಕಳ ಬರವಣಿಗೆಯಲ್ಲಿ 'ಅನ್ನ ತಿಂದೆ' ಎಂಬುದನ್ನು ಕಂಡಿರಬಹುದು. ಈ ಧಾತುಗಳ ವ್ಯಾಪ್ತಿಯನ್ನು ನೋಡಿರಿ. ಸುಖವನ್ನು ಉಣ್ಣುತ್ತೇವೆ, ನೋವನ್ನು ಉಣ್ಣುತ್ತೇವೆ, ಮಗು ಮೊಲೆಯುಣ್ಣುತ್ತದೆ. ಪೆಟ್ಟು ತಿನ್ನುತ್ತೇವೆ, ಲಂಚ ತಿನ್ನುತ್ತಾರೆ, ಬೇಸರಪಡಿಸುವವನು ತಲೆ ತಿನ್ನುತ್ತಾನೆ. ಒಳಗೆ ಇಳಿದು ಮೈಗೂಡುವುದಕ್ಕೆ ಒಂದು ಮಾತು, ಹೊರಗಿನಿಂದ ಬಂದು ಬೀಳುವುದಕ್ಕೆ ಇನ್ನೊಂದು. ಹೋಟೆಲು ನಮ್ಮ ನಾಡಿಗೆ ಬಂದಾಗ ಜನ ಅದನ್ನು ಎರಡನೆಯ ಮಾತಿನ ಕೆಳಗೆ ಸೇರಿಸಿದರು. ಅನ್ನ ಹಾಕುವಲ್ಲಿಗೆ ಇಂದಿಗೂ 'ಊಟದ ಹೋಟೆಲು' ಎಂದು ವಿಶೇಷಣ ಸೇರಿಸಿಯೇ ಹೇಳಬೇಕು.

ನಮ್ಮ ಹಳೆಯ ಕಾವ್ಯಗಳು ಇವೆರಡಕ್ಕೂ ಹೊರತಾದ ಮೂರನೆಯ ಮಾತೊಂದನ್ನು ಮೆಚ್ಚಿಕೊಂಡವು. ಅದು ಆರೋಗಣೆ. ಅರಸರು ಮತ್ತು ದೇವರು ಆರೋಗಣೆ ಮಾಡುತ್ತಾರೆ. ಆರೋಗಣೆಯ ವರ್ಣನೆಯಲ್ಲಿ ಭಕ್ಷ್ಯಗಳ ಹೆಸರು ಬರುತ್ತವೆ, ಒಲೆ ಬರುವುದಿಲ್ಲ. ಬೇಯಿಸಿದವರ ಕೈಯಂತೂ ಬರುವುದೇ ಇಲ್ಲ. ಮೂಡಬಿದಿರೆಯ ರತ್ನಾಕರವರ್ಣಿಯ ಭರತೇಶವೈಭವದ ಭೋಗವಿಜಯದಲ್ಲಿ ಚಕ್ರವರ್ತಿಯ ನಿತ್ಯದ ದಿನಚರಿಯೇ ಕಾವ್ಯವಸ್ತುವಾಗಿರುವುದರಿಂದ ಅಲ್ಲಿ ಸ್ವಲ್ಪ ಮನೆಯ ಹವೆ ಸುಳಿಯುತ್ತದೆಂದು ಒಪ್ಪಬೇಕು. ಆದರೂ ಅದು ಅರಮನೆ. ಕುಮಾರವ್ಯಾಸನಲ್ಲಿ ಭೀಮನು ಬಕನ ಬಂಡಿಯನ್ನವನ್ನು ತಾನೇ ಬರಿದುಮಾಡುತ್ತಾನೆ. ವಿರಾಟನ ಮನೆಯಲ್ಲಿ ವಲಲನೆಂಬ ಹೆಸರಿನಿಂದ ಬಾಣಸಿಗನೂ ಆಗುತ್ತಾನೆ. ಮೊದಲನೆಯದನ್ನು ನಮ್ಮ ಯಕ್ಷಗಾನದವರು ನೂರು ಬಗೆಯಾಗಿ ಆಡಿ ನಗಿಸಿದ್ದಾರೆ. ಎರಡನೆಯದರಲ್ಲಿ, ಅಂದರೆ ತಿನ್ನುವವನೇ ಬೇಯಿಸುವವನಾದ ಪ್ರಸಂಗದಲ್ಲಿ, ಜನರ ಗಮನವೆಲ್ಲ ಕೀಚಕನ ಕಡೆಗೆ ಹೋಗಿಬಿಡುತ್ತದೆ.

ಇನ್ನು ಶಾಸ್ತ್ರಗ್ರಂಥಗಳು. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುವುದು ವಿದಿತವೇ ಇದೆ. ಇಮ್ಮಡಿ ಚಾವುಂಡರಾಯನು ಸುಮಾರು ೧೦೨೫ರಲ್ಲಿ ಬರೆದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಜೀರಿಗೆ ಕೊತ್ತುಂಬರಿ ಮೆಣಸು ಇಂಗುಗಳನ್ನೂ ಬೆರಸುವ ಕ್ರಮ ಹೇಳಿದೆ. ಅಕ್ಕಿಯ ಸುದ್ದಿಯಿಲ್ಲ. ಮರುಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸವೂ ಇಡ್ಡರಿಕೆಯನ್ನು ಹೇಳುತ್ತದೆ. ಜತೆಗೆ ಮಾಂಸದ ಅಡಿಗೆಗಳನ್ನು ಯಾವ ಸಂಕೋಚವೂ ಇಲ್ಲದೆ ವಿವರಿಸುತ್ತದೆ. ಇವೆಲ್ಲವನ್ನೂ ನಮ್ಮ ವಿದ್ವಾಂಸರು ಪದಗಳ ಇತಿಹಾಸಕ್ಕಾಗಿ ಬಳಸಿಕೊಂಡಿದ್ದಾರೆ. ಇಡ್ಲಿ ಯಾರದು ಎಂಬ ವಾದಕ್ಕೆ ಇವುಗಳಿಂದ ಬಹಳ ಉಪಕಾರವಾಗಿದೆ. ಆ ವಾದದಲ್ಲಿ ನನಗೆ ಆಸಕ್ತಿ ಇಲ್ಲ. ಇಡ್ಲಿ ಬಿಸಿಯಾಗಿದ್ದರೆ ಸಾಕು.

ನಾನು ನಿಲ್ಲಬೇಕೆಂದಿರುವುದು ಕಲ್ಲಹಳ್ಳಿಯ ಮೂರನೆಯ ಮಂಗರಸನ ಸೂಪಶಾಸ್ತ್ರದ ಬಳಿ. ಹದಿನಾರನೆಯ ಶತಮಾನದ ಆರಂಭದ ಈ ಜೈನಕವಿ ಜಯನೃಪಕಾವ್ಯವನ್ನೂ ನೇಮಿಜಿನೇಶಸಂಗತಿಯನ್ನೂ ಬರೆದವನು. ಅವೇ ಅವನ 'ಕಾವ್ಯ'ಗಳೆಂದೂ ಸೂಪಶಾಸ್ತ್ರವು 'ಇತರ'ವೆಂದೂ ಸಾಹಿತ್ಯಚರಿತ್ರೆಗಳಲ್ಲಿ ವಿಂಗಡಣೆಯಾಗಿದೆ. ವಾರ್ಧಕ ಷಟ್ಪದಿಯಲ್ಲಿ ಅಡಿಗೆ ಹೇಳುವುದು ಒಂದು ವಿನೋದವೆಂಬಂತೆ ಎರಡು ಸಾಲು ಬರೆದು ಮುಂದೆ ಸಾಗುವುದು ರೂಢಿ. ಆದರೆ ಆ ಗ್ರಂಥವನ್ನು ಒಮ್ಮೆ ಮನೆಯಲ್ಲಿ, ಅಡಿಗೆ ಬಲ್ಲವರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಓದಿನೋಡಬೇಕು. ನಾನು ಹಾಗೆ ಓದಿದೆ. ಮುಚ್ಚಳರೊಟ್ಟಿ ಎಂಬುದೊಂದು ಅದರಲ್ಲಿ ಬರುತ್ತದೆ. ಕೆಳಗೂ ಕೆಂಡ, ಮೇಲಿನ ಮುಚ್ಚಳದ ಮೇಲೂ ಕೆಂಡ, ನಡುವೆ ರೊಟ್ಟಿ ಬೇಯುತ್ತದೆ. ನಾನು ಪದ್ಯದ ಅನ್ವಯದಲ್ಲಿ ತೊಡಗಿದ್ದಂತೆಯೇ ನನ್ನ ಮನೆಯಾಕೆ, "ಇದು ನಮ್ಮ ಕೆಂಡದಡ್ಯೆಯ ರೀತಿಯಲ್ಲವೇ?" ಎಂದಳು. ಹಲಸಿನ ಹಣ್ಣಿನ ಕಾಲದಲ್ಲಿ, ಇಲ್ಲವೆ ಸೌತೆಕಾಯಿಯ ಕಾಲದಲ್ಲಿ, ಹಿಟ್ಟನ್ನು ಬಾಳೆಲೆ ಹಾಸಿದ ಪಾತ್ರೆಗೆ ಸುರಿದು ಮೇಲೆ ಕೆಳಗೆ ಕೆಂಡವಿಟ್ಟು ಬೇಯಿಸುವ ಈ ಕಡುಬು ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಉಂಟು. ಉಚ್ಚಾರ ಮಾತ್ರ ಮನೆಮನೆಗೆ ಬೇರೆ. ಪದಾರ್ಥ ಒಂದೇ ಎಂದು ನಾನು ಹೇಳುವುದಿಲ್ಲ. ಮಂಗರಸನ ಒಲೆಗೂ ನಮ್ಮ ಅಜ್ಜಿಯರ ಒಲೆಗೂ ವಂಶವೃಕ್ಷ ಬರೆಯುವ ಸಾಹಸ ನನಗೆ ಬೇಡ. ಕೆಂಡವನ್ನು ಮೇಲೆಯೂ ಇಡಬೇಕಾದುದು ಏಕೆಂಬುದನ್ನು ಬಲ್ಲ ಕೈ ಎರಡೂ ಕಡೆ ಇದೆ, ಅಷ್ಟೆ. ಮುಚ್ಚಿದ ಪಾತ್ರೆಯೊಳಗೆ ತಳ ಮೊದಲು ಕಾಯುತ್ತದೆ, ಮೇಲ್ಭಾಗ ಹಸಿಯಾಗಿ ಉಳಿಯುತ್ತದೆ. ಮೇಲಿನ ಕೆಂಡ ಆ ಹಸಿಯನ್ನು ತೆಗೆದು ಕಂಪು ಕೊಡುತ್ತದೆ.

ಇಲ್ಲಿ ಒಂದು ಮಾತು ನನ್ನ ವಾದಕ್ಕೆ ಮುಖ್ಯ. ಅದು 'ಹದ'. ಅಡಿಗೆಯಲ್ಲಿ ಹದ, ಹೊಲದಲ್ಲಿ ಹದ, ಮಾತಿನಲ್ಲಿಯೂ ಹದ. ಕಾವ್ಯಮೀಮಾಂಸಕರು ದ್ರಾಕ್ಷಾಪಾಕ ನಾರಿಕೇಳಪಾಕಗಳೆಂದು ಅಡಿಗೆಮನೆಯಿಂದ ಮಾತನ್ನು ಎರವಲು ತಂದು, ಬಳಿಕ ಅಡಿಗೆಮನೆಯ ಹೆಸರನ್ನೇ ಎತ್ತಲಿಲ್ಲ. ಊಟದ ಕುರಿತ ಬರಹದ ಗುಣವನ್ನು ಅಳೆಯಲು ಭಕ್ಷ್ಯಗಳ ಎಣಿಕೆ ಸಲ್ಲದು. ಬರೆದವನಿಗೆ ಹದ ಗೊತ್ತಿದೆಯೇ ಎಂಬುದೇ ಅಳತೆಗೋಲು. ಈ ಅಳತೆಯಲ್ಲಿ ಮಂಗರಸನು ಎಷ್ಟೋ ಆರೋಗಣೆಯ ಕವಿಗಳಿಗಿಂತ ಎತ್ತರದಲ್ಲಿ ನಿಲ್ಲುತ್ತಾನೆ. ಬದನೆಕಾಯಿಯಂಥ ಬಡವರ ಕಾಯಿಗೆ ಅವನು ಕೊಟ್ಟ ಮನ್ನಣೆಯೊಂದೇ ಅದಕ್ಕೆ ಸಾಕ್ಷಿ. ಬದನೆಕಾಯಿಯ ಎಣ್ಣೆಗಾಯಿಯನ್ನು ರೊಟ್ಟಿಯೊಡನೆ ಉಣ್ಣುವ ಜತ್ತಿನ ಓದುಗನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅವನ ಮಿತಿಯನ್ನೂ ಹೇಳದಿದ್ದರೆ ವಿಮರ್ಶೆಯಾಗದು. ಗ್ರಂಥವೆಲ್ಲ ಸಸ್ಯಾಹಾರ; ಜೈನಕವಿಗೆ ಅದು ಸಹಜ. ಆದರೆ ಪರಿಣಾಮವೇನೆಂದರೆ, ಕನ್ನಡದ ಹಳೆಯ ಪಾಕಗ್ರಂಥವೆಂದು ನಾವು ಮಕ್ಕಳಿಗೆ ತೋರಿಸುವ ಪುಸ್ತಕದಲ್ಲಿ ಕುಂಬಳೆ ಮಂಜೇಶ್ವರಗಳ ಕಡಲಂಚಿನ ಮನೆಯ ಮೀನು ಇಲ್ಲ, ಬಯಲಸೀಮೆಯ ಬಾಡು ಇಲ್ಲ. ಬಡವರ ಗಂಜಿಯೂ ಅದರ ಅಧ್ಯಾಯಗಳಲ್ಲಿ ತಲೆಯೆತ್ತುವುದಿಲ್ಲ. ಸಕ್ಕರೆ ತುಪ್ಪ ಪಚ್ಚಕರ್ಪೂರಗಳು ಸುಲಭವಾಗಿ ಸಿಕ್ಕುವ ಮನೆಯ ಅಡಿಗೆ ಅದು. ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಅರ್ಧಕ್ಕೆ ಮಿಕ್ಕವರ ಒಲೆ ಈ ಗ್ರಂಥದ ಹೊರಗೆ ಉಳಿಯುತ್ತದೆಂಬುದನ್ನು ಅಧ್ಯಾಪಕನಾದವನು ನೆನಪಿಡಬೇಕು.

ಆ ಹೊರಗುಳಿದ ಒಲೆಯ ಪರವಾಗಿ ವಾದಕ್ಕೆ ನಿಂತವನು ಕನಕದಾಸ. ರಾಮಧಾನ್ಯಚರಿತ್ರೆಯಲ್ಲಿ ವ್ರೀಹಿಗೂ ನರೆದಲೆಗಕ್ಕೂ, ಅಂದರೆ ಅಕ್ಕಿಗೂ ರಾಗಿಗೂ, ಜಗಳ ಹತ್ತುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ತೆಗೆದಾಗ ಅಕ್ಕಿ ಕಳೆಗುಂದಿದೆ, ರಾಗಿ ಗಟ್ಟಿಯಾಗಿದೆ. ರಾಗಿಗೆ ರಾಘವನ ಹೆಸರೇ ದೊರೆಯುತ್ತದೆ. ಇದನ್ನು ಮೇಲುಕೀಳುಗಳ ರೂಪಕವೆಂದು ವಿವರಿಸುವುದು ಎಲ್ಲರೂ ಮಾಡಿದ ಕೆಲಸ, ಮಾಡಬೇಕಾದದ್ದೂ ಹೌದು. ಆದರೆ ತೀರ್ಪಿನ ಆಧಾರವನ್ನು ನೋಡಿರಿ. ರಾಮನು ರುಚಿಯನ್ನು ಪರೀಕ್ಷಿಸಲಿಲ್ಲ, ಕುಲವನ್ನು ಕೇಳಲಿಲ್ಲ, ಇಟ್ಟು ನೋಡಿದನು. ಯಾವ ಕಾಳು ಕಣಜದಲ್ಲಿ ಕೆಡದೆ ಉಳಿಯುತ್ತದೆ, ಯಾವುದಕ್ಕೆ ಹುಳು ಹತ್ತುತ್ತದೆ ಎಂಬುದು ಮನೆ ನಡೆಸುವ ಹೆಂಗಸಿನ ಜ್ಞಾನ, ಬರಗಾಲ ಕಂಡ ಒಕ್ಕಲಿನ ಜ್ಞಾನ. ಅರಮನೆಯ ಪಂಡಿತರ ಸಭೆ ಕಣಜದ ಬುದ್ಧಿಗೆ ತಲೆಬಾಗುವಂತೆ ಕವಿ ಮಾಡಿದ್ದಾನೆ. ರೂಪಕವೆಂದು ಮಾತ್ರ ಓದಿದರೆ ಕಾಳು ಕಳೆದುಹೋಗುತ್ತದೆ. ಹೊಸೂರು, ತಾಳವಾಡಿಗಳ ಮಕ್ಕಳಿಗೆ ಈ ಕಾವ್ಯವನ್ನು ಕಲಿಸುವವರು ಒಂದು ಹಿಡಿ ರಾಗಿಯನ್ನು ಮೇಜಿನ ಮೇಲಿಟ್ಟು ಪಾಠ ಆರಂಭಿಸಿದರೆ ನಷ್ಟವೇನೂ ಇಲ್ಲ.

ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮನದೂ ಇಂಥದೇ ಜ್ಞಾನ. ಗಂಡನು ಆಯ್ದು ತಂದ ಅಕ್ಕಿ ಎಂದಿಗಿಂತ ಹೆಚ್ಚಾಗಿದೆಯೆಂದು ಅವಳ ಕೈಗೆ ತಿಳಿಯುತ್ತದೆ. ಹೆಚ್ಚಿನದನ್ನು ಹಿಂದಿರುಗಿಸೆಂದು ಕಳುಹಿಸುತ್ತಾಳೆ. ದಿನಾ ಅಕ್ಕಿ ಅಳೆದು ಎಸರಿಗೆ ಹಾಕುವವಳಿಗೆ ಮಾತ್ರ ಹೊಳೆಯುವ ವ್ಯತ್ಯಾಸ ಅದು.

ಹೀಗೆ ಮನೆಯೊಲೆಯ ಸುದ್ದಿ ಅಲ್ಲಲ್ಲಿ ಬಂದುಹೋಗಿ, ಗದ್ಯದಲ್ಲಿ ಪೂರ್ಣವಾಗಿ ಕಾಣಿಸಿಕೊಂಡುದು ಶಿವರಾಮ ಕಾರಂತರ ಮರಳಿ ಮಣ್ಣಿಗೆಯಲ್ಲಿ. ಪಾರೋತಿ, ಸರಸೋತಿ, ನಾಗವೇಣಿಯರ ದಿನಗಳು ಒಲೆಗೂ ಗದ್ದೆಗೂ ಕಡಲಿಗೂ ನಡುವೆ ಕಳೆಯುತ್ತವೆ. ಅಡಿಗೆ ಅಲ್ಲಿ ಸಂಭ್ರಮವಲ್ಲ, ದುಡಿಮೆ. ಸೌದೆ ಒಟ್ಟುಮಾಡದೆ ಒಲೆ ಹತ್ತದೆಂಬುದನ್ನು ಆ ಕಾದಂಬರಿ ಒಮ್ಮೆಯೂ ಮರೆಯುವುದಿಲ್ಲ. ಅದೇ ಕಾದಂಬರಿಯಲ್ಲಿ ಹೋಟೆಲಿನ ಸುದ್ದಿಯೂ ಇದೆ: ಶೀನಮಯ್ಯನ ಮನೆಯವರು ಬೆಂಗಳೂರಿಗೆ ಹೋಗಿ ಹೋಟೆಲು ಇಟ್ಟು ಹಣ ಮಾಡುತ್ತಾರೆ, ಆ ಹಣ ಹಳ್ಳಿಗೆ ಹಿಂದಿರುಗುತ್ತದೆ. ಇದು ಕಟ್ಟುಕತೆಯೆನ್ನುವಂತಿಲ್ಲ. ಕೋಟದ ಪಕ್ಕದ ಪಾರಂಪಳ್ಳಿಯ ಮಯ್ಯ ಸಹೋದರರು ೧೯೨೪ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ರಸ್ತೆಯಲ್ಲಿ ತೆರೆದ ಉಪಾಹಾರಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಂ ಎಂದು ಹೆಸರಾಯಿತು. ಕಡಂದಲೆಯ ಕೃಷ್ಣರಾಯರು ಮದರಾಸಿನಲ್ಲಿ ೧೯೩೮ರಲ್ಲಿ ವುಡ್‌ಲ್ಯಾಂಡ್ಸನ್ನೂ, ರಾಮ ನಾಯಕರು ಮುಂಬಯಿಯ ಮಾಟುಂಗದಲ್ಲಿ ೧೯೪೨ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನೂ ಆರಂಭಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವದಿಂದ ರವೆ ಇಡ್ಲಿ ಹುಟ್ಟಿತೆಂದು ಮಾವಳ್ಳಿಯವರು ಹೇಳುತ್ತ ಬಂದಿದ್ದಾರೆ. ಗಡಿಯಾಚೆಗೆ ಕನ್ನಡದ ಗಂಧ ಒಯ್ದುದು ಪುಸ್ತಕಕ್ಕಿಂತ ಹೆಚ್ಚಾಗಿ ಈ ಹೋಟೆಲುಗಳೆಂದರೆ ಸಾಹಿತಿಗಳು ಸಿಟ್ಟಾಗಬಾರದು.

ಹೋಟೆಲಿನ ಸುಖವನ್ನು ಹಳಿಯುವುದು ನಮ್ಮ ಹಿಂದಿನ ಹರಟೆಗಾರರ ಒಂದು ಅಭ್ಯಾಸವಾಗಿತ್ತು. ನನಗೆ ಅದು ಸಮ್ಮತವಲ್ಲ. ನಾನು ಹುಡುಗನಾಗಿದ್ದಾಗ ತಂದೆಯವರು ಕೋರ್ಟಿನ ಕೆಲಸಕ್ಕೆಂದು ಪೇಟೆಗೆ ಹೋದ ದಿನ ಸಂಜೆ ಬಾಳೆಲೆಯಲ್ಲಿ ಸುತ್ತಿ ಮೇಲೆ ಪತ್ರಿಕೆಯ ಹಾಳೆ ಕಟ್ಟಿದ ಮಸಾಲೆದೋಸೆಯ ಪೊಟ್ಟಣ ಮನೆಗೆ ಬರುತ್ತಿತ್ತು. ಅಷ್ಟರಲ್ಲಿ ದೋಸೆ ಮೆತ್ತಗಾಗಿ, ಬಾಡಿದ ಬಾಳೆಲೆಯ ಕಂಪು ಅದಕ್ಕೆ ಹಿಡಿದಿರುತ್ತಿತ್ತು. ಒಂದು ದೋಸೆಯನ್ನು ಐವರಿಗೆ ಹಂಚುವಾಗ ತಾಯಿ ಆಲೂಗೆಡ್ಡೆಯ ಪಲ್ಯವನ್ನು ಕಣ್ಣಳತೆಯಿಂದ ಪಾಲುಮಾಡುತ್ತಿದ್ದರು. ಅವರ ಪಾಲು ಎಲೆಗೆ ಅಂಟಿದ ಮಸಾಲೆ. ಅದನ್ನು ನಾವು ತಿಂದೆವೋ ಉಂಡೆವೋ ಹೇಳಲಾರೆ. ಪೇಟೆಯ ಹೋಟೆಲಿನಲ್ಲೇ ಕುಳಿತು ಗರಿಗರಿಯಾದುದನ್ನು ತಿಂದ ಮೇಲೂ ಆ ಮೆತ್ತಗಿನ ದೋಸೆಯ ರುಚಿ ನನಗೆ ಮತ್ತೆ ಸಿಕ್ಕಿಲ್ಲ.

ಈ ಸುಖದ ಹಿಂದೆ ಒಂದು ಕಹಿಯೂ ಇತ್ತು. ಎಲ್ಲರೂ ಎಲ್ಲ ಹೋಟೆಲುಗಳ ಒಳಗೆ ಹೋಗುವಂತಿರಲಿಲ್ಲ. ಜಾತಿಯ ಹೆಸರನ್ನು ಹೊತ್ತ ಫಲಕಗಳು ಬಾಗಿಲ ಮೇಲೆ ಇದ್ದವು. ಒಳಗೆ ಬೇರೆ ಬೇರೆ ಪಂಕ್ತಿಗಳಿದ್ದವು. ೧೯೫೦ರ ಸಂವಿಧಾನದ ೧೫ನೆಯ ಅನುಚ್ಛೇದ ಅಂಗಡಿ, ಬಾವಿಗಳೊಡನೆ ಉಪಾಹಾರಗೃಹಗಳನ್ನೂ ಹೆಸರಿಸಿಯೇ ಆ ಬಾಗಿಲನ್ನು ತೆರೆಯಬೇಕಾಯಿತು. ಆದ್ದರಿಂದ ಹೋಟೆಲಿನಲ್ಲಿ ಮೊದಲ ಬಾರಿ ಕುಳಿತು ಕಾಫಿ ಕುಡಿದವನ ಸುಖ ಎಲ್ಲರಿಗೂ ಒಂದೇ ಅಲ್ಲ. ಒಬ್ಬನಿಗೆ ಅದು ನಾಲಗೆಯ ಸುಖ. ಇನ್ನೊಬ್ಬನಿಗೆ ಮೇಜಿನ ಸುಖ, ಯಾರೂ ಏಳೆಂದು ಹೇಳದ ಸುಖ. ಇದರ ಕಾದಂಬರಿಯನ್ನು ಯಾರಾದರೂ ಬರೆಯಬೇಕಾಗಿದೆ.

ಈಚಿನ ಗದ್ಯದಲ್ಲಿ ಮನೆಯಡಿಗೆ ಹೋಟೆಲುಗಳೆರಡನ್ನೂ ಎದುರುಬದುರು ಇರಿಸಿದ ಕೃತಿಯೆಂದರೆ ವಿವೇಕ ಶಾನಭಾಗರ ಘಾಚರ್ ಘೋಚರ್ (೨೦೧೩). ಕಥೆ ಹೇಳುವವನು ಕಾಫಿಹೌಸಿನಲ್ಲಿ ಕುಳಿತಿರುತ್ತಾನೆ. ಮಾಣಿ ವಿನ್ಸೆಂಟನ ಬಳಿ ಅವನಿಗೆ ಸಿಕ್ಕುವ ನೆಮ್ಮದಿ ಮನೆಯಲ್ಲಿಲ್ಲ. ಆ ಮನೆಯ ಸಿರಿ ಬಂದದ್ದು ಮಸಾಲೆಪುಡಿಯ ವ್ಯಾಪಾರದಿಂದ, ಎಂದರೆ ಊರಿನವರ ಅಡಿಗೆಮನೆಗಳಿಂದ. ಒಂದು ದಿನ ಮನೆಯ ಚಿಕ್ಕಪ್ಪನಿಗೆ ಇಷ್ಟವೆಂದು ಒಬ್ಬ ಹೆಂಗಸು ಮಸೂರುಬೇಳೆಯ ಸಾರನ್ನು ಪಾತ್ರೆಯಲ್ಲಿ ಹೊತ್ತು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬೈದು ಅಟ್ಟುತ್ತಾರೆ. ಸಾರು ಚೆಲ್ಲಿಹೋಗುತ್ತದೆ, ಪರಿಮಳ ಮಾತ್ರ ಉಳಿಯುತ್ತದೆ. ಮನೆಯಡಿಗೆಯೆಂದರೆ ವಾತ್ಸಲ್ಯ, ಹೋಟೆಲೆಂದರೆ ಪರಕೀಯತೆ ಎಂಬ ನಮ್ಮ ಹಳೆಯ ವಿಂಗಡಣೆಯನ್ನು ಈ ಒಂದು ಪಾತ್ರೆ ಸಾರು ಬುಡಮೇಲು ಮಾಡುತ್ತದೆ. ಉಣಲಿಕ್ಕುವುದು ಹಕ್ಕಿನ ವಿಷಯ. ಯಾರು ಯಾರಿಗೆ ಬಡಿಸಬಹುದೆಂಬುದನ್ನು ಮನೆ ಕಟ್ಟುನಿಟ್ಟಾಗಿ ಕಾಯುತ್ತದೆ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳ ಇರಾನಿ ಹೋಟೆಲನ್ನು ಇದರ ಪಕ್ಕಕ್ಕೆ ಇಟ್ಟು ಓದಿದರೆ ಇನ್ನೂ ಹಲವು ವಿಚಾರ ಹೊಳೆಯುತ್ತವೆ, ಸ್ಥಳಾಭಾವದಿಂದ ಬಿಡುತ್ತೇನೆ.

ಕನ್ನಡದಲ್ಲಿ ತಿನ್ನುವುದರ ಕುರಿತ ಅತ್ಯುತ್ತಮ ಬರವಣಿಗೆ ಯಾವುದೆಂದು ಕೇಳಿದರೆ ನಾನು ದೇವನೂರ ಮಹಾದೇವರ ಒಡಲಾಳವನ್ನು ಹೆಸರಿಸುತ್ತೇನೆ. ಅದರಲ್ಲಿ ಅಡಿಗೆಯಿಲ್ಲ, ಹೋಟೆಲೂ ಇಲ್ಲ. ಸಾಕವ್ವನ ಮನೆಗೆ ಕದ್ದು ತಂದ ಕಡಲೆಕಾಯಿ ಬರುತ್ತದೆ; ಮನೆಮಂದಿಯೆಲ್ಲ ರಾತ್ರಿ ಬೆಂಕಿಯ ಸುತ್ತ ಕುಳಿತು ಅಷ್ಟನ್ನೂ ತಿಂದು ಮುಗಿಸುತ್ತಾರೆ. ಮರುದಿನ ಪೊಲೀಸರು ಬಂದು ಹುಡುಕುತ್ತಾರೆ. ಈ ಪ್ರಸಂಗದಲ್ಲಿ ಹಸಿವಿನ ಕರುಣಾಜನಕ ವರ್ಣನೆಯನ್ನು ನಿರೀಕ್ಷಿಸಿದವರು ನಿರಾಶರಾಗುವರು. ಅಲ್ಲಿರುವುದು ಸಂತೋಷ. ಸಿಪ್ಪೆ ಬಿಡಿಸುವ ಕೈಗಳ ವೇಗ, ನಡುನಡುವೆ ಮಾತು, ಜಗಳ ನಿಂತು ಮನೆ ಒಂದಾಗುವ ಬಗೆ ಇವೆಲ್ಲ ಓದುಗನನ್ನು ಆ ಬೆಂಕಿಯ ಬಳಿಗೇ ಎಳೆದು ಕೂರಿಸುತ್ತವೆ. ಹೊತ್ತು ಕಳೆಯುವುದಕ್ಕೆ ನಾವು ತಿನ್ನುವ ಕಡಲೆಕಾಯಿ ಅವರಿಗೆ ರಾತ್ರಿಯ ಊಟವಾಗುತ್ತದೆ. ನಾನು ಮೇಲೆ ಎತ್ತಿದ ಎರಡು ಧಾತುಗಳ ಭೇದ ಆ ಮನೆಯಲ್ಲಿ ನಿಲ್ಲುವುದಿಲ್ಲ. ತಿನ್ನುವುದೇ ಅಲ್ಲಿ ಉಣ್ಣುವುದು. ಯಾವ ಆರೋಗಣೆಯ ಪಂಕ್ತಿಯೂ ನನಗೆ ಇಷ್ಟು ತೃಪ್ತಿ ಕೊಟ್ಟಿಲ್ಲ. ಆ ಕಥೆಯ ಮಾತು ನಂಜನಗೂಡು ಚಾಮರಾಜನಗರಗಳ ಕಡೆಯದು. ಗಡಿ ದಾಟಿದ ತಾಳವಾಡಿಯ ಬಾಂಧವರ ಮನೆಮಾತಿಗೆ ಬಹಳ ಹತ್ತಿರ. ಅದನ್ನು 'ಗ್ರಾಮ್ಯ'ವೆಂದು ತಿದ್ದಹೊರಟರೆ ಕಥೆಯಲ್ಲಿ ಉಳಿಯುವುದು ಕಡಲೆಕಾಯಿಯ ಸಿಪ್ಪೆ.

ಈ ಕೊನೆಯ ವಾಕ್ಯ ಬರೆಯುವಾಗ ನನ್ನ ಕೆಂಪು ಶಾಯಿ ನೆನಪಾಗದೆ ಇರಲಿಲ್ಲ. ಸಾಂಬಾರು ಎಂಬ ಮಾತು ನನ್ನ ಕೈಗೆ ಬಂದುದು ಹೋಟೆಲಿನ ಫಲಕದಿಂದ. ಗ್ರಾಮ್ಯ ಎಂಬುದು ಬಂದುದು ವ್ಯಾಕರಣದಿಂದ. ಇವೆರಡೂ ಸೇರಿ ಒಂದು ಮನೆಯ ಒಲೆಯ ಮೇಲೆ ನೀರೆರೆದವು. ಹೋಟೆಲಿನವನನ್ನು ನಾನು ದೂರುವುದಿಲ್ಲ. ದಾರಿಹೋಕರೆಲ್ಲರಿಗೂ ತಿಳಿಯುವ ಹೆಸರು ಅವನಿಗೆ ಬೇಕು. ಪಾಠ ಹೇಳುವವನಿಗೆ ಆ ಅನಿವಾರ್ಯವಿಲ್ಲ. ನಾಲ್ಕು ಭಾಷೆಗಳ ಸಂದಿಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಶಾಲೆಯ ಹೊರಗೆ ಕನ್ನಡ ಹೆಚ್ಚಾಗಿ ಉಳಿದಿರುವುದು ಅಡಿಗೆಮನೆಯಲ್ಲಿ. ತಂಬುಳಿ, ಮೇಲೋಗರ, ಪತ್ರೊಡೆ, ಉಪ್ಪುಸೊಳೆ; ಆಚೆ ಬಸ್ಸಾರು, ಉಪ್ಸಾರು, ಮಸ್ಸೊಪ್ಪು; ಉತ್ತರಕ್ಕೆ ಪುಂಡಿಪಲ್ಲೆ, ಝುಣಕ, ಗುರೆಳ್ಳು ಚಟ್ನಿ. ಮಾಡುವ ಕೈ ನಿಂತ ದಿನ ಹೆಸರೂ ನಿಲ್ಲುತ್ತದೆ. ಹೆಸರನ್ನು ಶಾಲೆಯಲ್ಲಿ ಅಡ್ಡಗೆರೆ ಎಳೆದು ಹೊಡೆದರೆ, ಮಾಡುವುದಕ್ಕೂ ಮಗು ನಾಚಿಕೊಳ್ಳುತ್ತದೆ.

ಈ ಮನೆಮಾತುಗಳನ್ನು ಕೂಡಿಸುವಾಗ ತೊಡಕುಗಳೂ ಉಂಟು, ವಿನೋದವೂ ಉಂಟು. ಹಿಂದೊಮ್ಮೆ ಗಡಿನಾಡಿನ ಅಧ್ಯಾಪಕರು ಕೂಡಿದ್ದಾಗ ತಾಳವಾಡಿಯ ಕಡೆಯವರೊಬ್ಬರು, "ಬೆಳಿಗ್ಗೆ ಹಿಟ್ಟು ಉಂಡು ಹೊರಟೆ" ಎಂದರು. ಜತ್ತಿನ ಕಡೆಯವರೊಬ್ಬರು ಗಾಬರಿಗೊಂಡು, "ಬರೇ ಹಿಟ್ಟs?" ಎಂದು ಕೇಳಿದರು. ಇವರಿಗೆ ಹಿಟ್ಟು ಎಂದರೆ ಮುದ್ದೆ. ಅವರಿಗೆ ಬೀಸಿದ ಪುಡಿ, ರೊಟ್ಟಿ ತಟ್ಟುವ ಮೊದಲಿನ ಸ್ಥಿತಿ. ಮಡಕಶಿರಾದ ಕಡೆಯವರು ಮಂಡಕ್ಕಿಯ ಒಗ್ಗರಣೆಯ ಮಾತೆತ್ತಿ, ಅದನ್ನೇ ತಮ್ಮ ತೆಲುಗು ನೆರೆಯವರು ಉಗ್ಗಾಣಿ ಎನ್ನುವರೆಂದು ಹೇಳಿದರು. ನಾನು ಒಗ್ಗರಣೆಯೆಂದರೆ ಸಾಸಿವೆ ಸಿಡಿಸುವುದಷ್ಟೇ ಎಂದು ತಿಳಿದವನು. ಅದು ಒಂದು ತಿಂಡಿಯ ಹೆಸರೂ ಆಗಬಲ್ಲುದೆಂದು ನನಗೆ ಅಂದೇ ಗೊತ್ತಾದುದು. ಆ ಮಧ್ಯಾಹ್ನದ ಗೋಷ್ಠಿಯಲ್ಲಿ ಓದಿದ ಪ್ರಬಂಧಗಳ ವಿಷಯ ಈಗ ನೆನಪಿಲ್ಲ.

ಹುಡುಗಿಯ ಪುಸ್ತಕವನ್ನು ನಾನು ಮತ್ತೆ ತರಿಸಿಕೊಂಡೆ. ಸಾಂಬಾರು ಎಂಬುದನ್ನು ಹೊಡೆದುಹಾಕಿ ಕೊದ್ದೆಲು ಎಂದು ಮೊದಲಿನಂತೆ ಬರೆದು, ಗ್ರಾಮ್ಯವೆಂಬ ಷರಾವನ್ನು ಅಳಿಸಹೋದೆ. ಕೆಂಪು ಶಾಯಿ ಅಳಿಯಲಿಲ್ಲ, ಕಾಗದ ಹರಿಯಿತು. ಆ ತೂತಿನ ಪಕ್ಕದಲ್ಲಿ, ಬೆಳ್ಳುಳ್ಳಿ ಎಷ್ಟು ಎಸಳು ಹಾಕುತ್ತಾರೆಂದು ಅಜ್ಜಿಯನ್ನು ಕೇಳಿಕೊಂಡು ಬಾ ಎಂದು ಬರೆದು ಕೊಟ್ಟೆ. ಎಣಿಸಿ ಹಾಕುವ ಪದ್ಧತಿ ಇಲ್ಲವಂತೆ ಎಂದು ಅವಳು ಮರುದಿನ ಉತ್ತರ ತಂದಳು.